ಸಿಮೆಂಟ್ ಪೈಪು, ಢಾಕಾದ ಮೈದಾನ
(ಸಂಪಾದಕರ ಉತ್ತರ)

ಪ್ರಿಯ ಮೇಷ್ಟ್ರೇ,

ನಿಮ್ಮ ಕಾಗದ ಮೂರು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಕಳೆದ ಸಂಚಿಕೆಯಲ್ಲಿ 1971ರ ಬಾಂಗ್ಲಾ ಯುದ್ಧವನ್ನು ನಾನು ‘ಧರ್ಮಯುದ್ಧ’ ಅಂತ ಬರೆದದ್ದು ನಿಮಗೆ ಸರಿ ಬಂದಿಲ್ಲ. "ಮೂವತ್ತು ವರ್ಷ ಮಕ್ಕಳಿಗೆ ಕೊಲ್ಲಬಾರದು ಅಂತ ಹೇಳಿಕೊಟ್ಟವನು ನಾನು. ಸರಕಾರ ಹೇಳಿದರೆ ಕೊಲ್ಲಬಹುದು ಅಂತ ಯಾವ ಪಾಠದಲ್ಲಿದೆ?" ಎಂದು ಕೇಳಿದ್ದೀರಿ. ಸುಮ್ನೆ ಎರಡು ಸಾಲಿನ ಉತ್ತರ ಬರೆದು ಮುಗಿಸುವ ಮಾತಲ್ಲ ಇದು.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಪದ ಬಳಸಬಾರದಿತ್ತು. ಆದರೆ ಆ ಯುದ್ಧ ಆಗಬೇಕಿತ್ತು ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಯಾಕೆ ಅಂತ ಹೇಳ್ತೀನಿ. 1970ರ ಡಿಸೆಂಬರ್ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ, ಅಂದರೆ ಈಗಿನ ಬಾಂಗ್ಲಾದೇಶದ, ಪಕ್ಷವಾದ ಅವಾಮಿ ಲೀಗ್ ಗೆದ್ದಿತು. ಪಾಕಿಸ್ತಾನದ ಆಳುವವರು ಅದಕ್ಕೆ ಅಧಿಕಾರ ಕೊಡಲಿಲ್ಲ. ಮುಂದಿನ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೈನ್ಯ ಢಾಕಾ ವಿಶ್ವವಿದ್ಯಾಲಯಕ್ಕೆ ನುಗ್ಗಿ, ಹಾಸ್ಟೆಲಿನ ಹುಡುಗರನ್ನು, ಪಾಠ ಹೇಳುವ ಮೇಷ್ಟ್ರುಗಳನ್ನು ಗುಂಡಿಟ್ಟು ಕೊಂದಿತು. ಆಮೇಲೆ ಹಳ್ಳಿ ಹಳ್ಳಿಗೂ ಅದೇ ಗತಿ. ವರ್ಷ ಮುಗಿಯುವಷ್ಟರಲ್ಲಿ ಹತ್ತಿರ ಹತ್ತಿರ 1 ಕೋಟಿ ಜನ ಗಡಿ ದಾಟಿ ನಮ್ಮ ಕಡೆ ಬಂದಿದ್ದರು. ಕಲ್ಕತ್ತೆಯ ಸಾಲ್ಟ್ ಲೇಕ್‌ನಲ್ಲಿ ಚರಂಡಿ ಕೆಲಸಕ್ಕೆ ಅಂತ ತಂದಿಟ್ಟಿದ್ದ ದೊಡ್ಡ ದೊಡ್ಡ ಸಿಮೆಂಟ್ ಪೈಪುಗಳೇ ಎಷ್ಟೋ ಸಂಸಾರಗಳಿಗೆ ಮನೆಯಾದವು. ಪೈಪಿನ ಒಳಗೆ ಕೂತ ಹೆಂಗಸು, ಪಕ್ಕದಲ್ಲಿ ಪಾತ್ರೆ, ಕಾಲು ಚಾಚೋಕೂ ಜಾಗ ಇಲ್ಲದ ಮಕ್ಕಳು. ಮಳೆಗಾಲ ಬಂತು, ಕಾಲರಾ ಬಂತು.

ಇಂಥ ಹೊತ್ತಿನಲ್ಲಿ ‘ನಾನು ಕೊಲ್ಲುವುದಿಲ್ಲ’ ಎಂದು ಸುಮ್ಮನೆ ಕೂತರೆ ಕೊಲೆ ನಿಲ್ಲುತ್ತದೆಯೇ? ಇಲ್ಲ ಅಲ್ವಾ. ಪಕ್ಕದ ಮನೆಯಲ್ಲಿ ಮಗುವನ್ನು ಬಡಿಯುತ್ತಿದ್ದರೆ ಬಾಗಿಲು ಹಾಕಿಕೊಂಡವನ ಕೈ ಶುಭ್ರವಾಗಿದೆ ಅಂತ ನನಗೆ ಹೇಳೋಕಾಗಲ್ಲ.

ಹಾಗಂತ ನಮ್ಮದು ಬರೀ ಕರುಣೆಯಿಂದ ಮಾಡಿದ ಯುದ್ಧವೂ ಅಲ್ಲ. ಪಾಕಿಸ್ತಾನ ಎರಡಾಗುವುದು ದಿಲ್ಲಿಗೆ ಲಾಭವೇ ಆಗಿತ್ತು. ಡಿಸೆಂಬರ್ 3ರಂದು ಅವರು ನಮ್ಮ ವಿಮಾನ ನಿಲ್ದಾಣಗಳ ಮೇಲೆ ಬಾಂಬು ಹಾಕಿದ್ದು ನಿಜ, ಆದರೆ ನವೆಂಬರ್‌ನಲ್ಲೇ ನಮ್ಮ ಸೈನಿಕರು ಗಡಿ ದಾಟಿ ಹೋರಾಡಿದ್ದರು, ಬಾಂಗ್ಲಾ ಬಿಡುಗಡೆಗೆ ಹೋರಾಡುತ್ತಿದ್ದ ಮುಕ್ತಿ ಬಾಹಿನಿ ಪಡೆಗೆ ತರಬೇತಿ, ಬಂದೂಕು ಎಲ್ಲ ನಾವೇ ಕೊಡುತ್ತಿದ್ದೆವು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ದೇಶಗಳು ಕದನ ನಿಲ್ಲಿಸಿ, ಸೈನ್ಯ ವಾಪಸ್ ಕರೆಸಿಕೊಳ್ಳಿ ಎಂದವು. ಅದರ ವಿರುದ್ಧ ನಿಂತವು ನಾವೂ ಸೇರಿ ಬರೀ 11. ಆ 104 ದೇಶಗಳ ಮಾತಿನಲ್ಲೂ ಅರ್ಥವಿತ್ತು. ಬಲ ಇದ್ದವನೆಲ್ಲ ‘ಪಕ್ಕದವರನ್ನು ಉಳಿಸೋಕೆ ಬಂದೆ’ ಅಂತ ಗಡಿ ದಾಟಿದರೆ ಸಣ್ಣ ದೇಶಗಳ ಗತಿ ಏನು? ಈ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ. ಡಿಸೆಂಬರ್ 16ಕ್ಕೆ ಢಾಕಾ ಶರಣಾಯಿತು, 1972ರ ಮಾರ್ಚ್‌ನಲ್ಲಿ ನಮ್ಮ ಸೈನ್ಯ ಅಲ್ಲಿಂದ ಹೊರಟು ಬಂತು. ಹೋದವರು ಅಲ್ಲೇ ಬೇರು ಬಿಡಲಿಲ್ಲ. ನಿರಾಶ್ರಿತರಲ್ಲಿ ಬಹಳಷ್ಟು ಜನ ತಿಂಗಳುಗಳಲ್ಲೇ ಊರಿಗೆ ಮರಳಿದರು. ನನಗೆ ದೊಡ್ಡದಾಗಿ ಕಾಣುವುದು ಗೆಲುವಿಗಿಂತ ಈ ಎರಡು ಸಂಗತಿ.

ಇನ್ನು ಆ ಪದದ ವಿಷಯ. ನಾನು ಅದನ್ನು ಯಾಕೆ ಬಿಡುತ್ತಿದ್ದೇನೆ ಅಂದರೆ, ಡಿಸೆಂಬರ್ 18ರಂದು ಏನಾಯಿತು ನೋಡಿ. ಶರಣಾಗತಿ ಆಗಿ ಎರಡೇ ದಿನ. ಢಾಕಾದ ಮೈದಾನದಲ್ಲಿ ಸಾವಿರಾರು ಜನ ಸೇರಿದ್ದರು. ಪಾಕಿಸ್ತಾನದ ಸೈನ್ಯಕ್ಕೆ ನೆರವಾದವರು ಎಂಬ ಆರೋಪ ಹೊರಿಸಿ, ಕೈ ಕಟ್ಟಿದ್ದ ಬಂದಿಗಳನ್ನು ಮುಕ್ತಿ ಬಾಹಿನಿಯವರು ಬಂದೂಕಿನ ತುದಿಯ ಬಾಯ್ನೆಟ್ ಚೂರಿಯಿಂದ ಇರಿದು ಕೊಂದರು. ವಿದೇಶಿ ಛಾಯಾಗ್ರಾಹಕರ ಕಣ್ಣೆದುರಿಗೇ ಕೊಂದರು. ಆ ಚಿತ್ರಗಳಿಗೆ ಪುಲಿಟ್ಜರ್ ಪ್ರಶಸ್ತಿಯೂ ಬಂತು. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ. ಆ ಯುದ್ಧದ ಕಾರಣ ಎಷ್ಟೇ ನ್ಯಾಯವಾಗಿರಲಿ, ಈ ಕೊಲೆ ಕೊಲೆಯೇ. ಭೀಮ ತೊಡೆಗೆ ಹೊಡೆದಾಗ ಬಲರಾಮ ನೇಗಿಲೆತ್ತಿದ್ದು ನಿಮಗೆ ನೆನಪಿದೆ. ಪಾಂಡವರ ಕಡೆ ನ್ಯಾಯ ಇತ್ತು, ಏಟು ಮಾತ್ರ ಅನ್ಯಾಯದ್ದು.

ಬಳ್ಳಿಗಾವೆಯಲ್ಲಿ ವೀರಗಲ್ಲುಗಳನ್ನು ನೋಡುತ್ತಾ ನಿಂತಾಗ ನನಗೆ ಇದೇ ಕಾಡಿತ್ತು. ನಮ್ಮ ಹಳಬರು ಕಾರಣವನ್ನು ಕಲ್ಲಿನಲ್ಲೇ ಕೊರೆಸುತ್ತಿದ್ದರು: ತುರುಗಳನ್ನು ಹೊಡೆದುಕೊಂಡು ಹೋದರು, ಊರನ್ನು ಸುಟ್ಟರು, ಹೆಣ್ಣಿನ ಮೇಲೆ ಕೈ ಮಾಡಿದರು, ಅದಕ್ಕೇ ಈತ ಕಾದಿ ಸತ್ತ ಅಂತ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಕೆಳಗಿನ ಪಟ್ಟಿಕೆಯಲ್ಲೇ, ವೀರನ ಕಾಲಡಿಗೆ, ಇನ್ನೊಬ್ಬ ಬಿದ್ದಿರುತ್ತಾನೆ. ಅವನಿಗೆ ಹೆಸರಿಲ್ಲ. ಅವನನ್ನು ಎತ್ತಿಕೊಂಡು ಹೋಗಲು ಯಾರೂ ಬಂದಿಲ್ಲ. ‘ಧರ್ಮಯುದ್ಧ’ ಅಂದ ಕೂಡಲೇ ಆ ಬಿದ್ದವನು ಲೆಕ್ಕದಿಂದ ಹೊರಗೆ ಹೋಗಿಬಿಡುತ್ತಾನೆ, ಮೇಷ್ಟ್ರೇ. ಅದಕ್ಕೇ ಆ ಪದ ಬೇಡ.

ಮಕ್ಕಳಿಗೆ ಏನು ಹೇಳಲಿ ಅಂತ ಕೊನೆಯಲ್ಲಿ ಕೇಳಿದ್ದೀರಿ. ಕೊಲ್ಲಬಾರದು ಅಂತಲೇ ಹೇಳಿ, ಅದನ್ನು ಬದಲಿಸಬೇಡಿ. ಜೊತೆಗೆ ಸಾಲ್ಟ್ ಲೇಕ್‌ನ ಪೈಪಿನ ಕಥೆಯನ್ನೂ ಹೇಳಿ, ಢಾಕಾ ಮೈದಾನದ ಕಥೆಯನ್ನೂ ಹೇಳಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಕಾಗದವನ್ನು ಒಂದಕ್ಷರ ಬಿಡದೆ ಹಾಕುತ್ತೇವೆ. ತರಗತಿಯಲ್ಲಿ ಮಕ್ಕಳು ಏನು ಕೇಳಿದರು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.