ಪೋರ್ಟ್‌ಲ್ಯಾಂಡಿಗೆ ಬರುವ ಅಪ್ಪ ಅಮ್ಮನಿಗೆ ಯಾವ ಉದ್ಯಾನ, ಯಾವ ವೀಕ್ಷಣಾ ತಾಣ ತೋರಿಸಲಿ?

ನೀವು ಕೇಳಿರುವುದು ಇಷ್ಟು: ಜೂನ್ ತಿಂಗಳಲ್ಲಿ ಊರಿನಿಂದ ತಂದೆತಾಯಿ ಮೂರು ತಿಂಗಳ ಮಟ್ಟಿಗೆ ಹಿಲ್ಸ್‌ಬರೋದ ನಿಮ್ಮ ಮನೆಗೆ ಬರುತ್ತಿದ್ದಾರೆ, ತಾಯಿಯವರಿಗೆ ಮಂಡಿ ನೋವು, ತಂದೆಯವರು ಚೆನ್ನಾಗಿ ನಡೆಯಬಲ್ಲರು, ನಿಮಗೆ ವಾರದ ದಿನಗಳಲ್ಲಿ ಸಂಜೆ ಮಾತ್ರ ಬಿಡುವು; ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಅವರಿಬ್ಬರಿಗೂ ಒಗ್ಗುವಂಥ ಉದ್ಯಾನಗಳು, ವೀಕ್ಷಣಾ ತಾಣಗಳು ಯಾವುವು ಎಂದು. ನಾನು ಬೀವರ್ಟನ್‌ನಲ್ಲಿ ಹಲವು ವರ್ಷಗಳಿಂದ ಇದ್ದೇನೆ. ನನ್ನ ತಂದೆತಾಯಿ ಮೂರು ಬಾರಿ ಬಂದು ಹೋಗಿದ್ದಾರೆ. ಮೊದಲ ಬಾರಿ ನಾನು ಪ್ರತಿ ಶನಿವಾರಕ್ಕೂ ಒಂದೊಂದು ಸ್ಥಳವನ್ನು ಮೊದಲೇ ಗೊತ್ತುಮಾಡಿ ಇಟ್ಟಿದ್ದೆ. ಅದು ತಪ್ಪೆಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಈ ಊರಿನಲ್ಲಿ ಎತ್ತರದ ಜಾಗಕ್ಕೆ ಹೋಗುವವರು ದಿನ ನೋಡಿ ಹೊರಡಬಾರದು, ಆಕಾಶ ನೋಡಿ ಹೊರಡಬೇಕು.

ಇದಕ್ಕೆ ಕಾರಣವಿದೆ. ಇಲ್ಲಿ ಅಕ್ಟೋಬರ್‌ನಿಂದ ಮೇವರೆಗೆ ಮಳೆ ಮತ್ತು ಮೋಡ. ಜೂನ್ ಮೊದಲ ವಾರಗಳಲ್ಲೂ ಬೆಳಗಿನ ಹೊತ್ತು ಬೂದು ಬಣ್ಣದ್ದೇ ಇರುತ್ತದೆ. ಜುಲೈ ಆಗಸ್ಟ್‌ಗಳಲ್ಲಿ ಮಾತ್ರ ಆಕಾಶವನ್ನು ನಂಬಬಹುದು. ಇಲ್ಲಿನ ಎಲ್ಲ ವೀಕ್ಷಣಾ ತಾಣಗಳ ಜೀವಾಳ ಮೌಂಟ್ ಹುಡ್. ನಗರದಿಂದ ಸುಮಾರು 50 ಮೈಲಿ ಪೂರ್ವಕ್ಕಿರುವ ಈ ಹಿಮ ಪರ್ವತದ ಎತ್ತರ 11,200 ಅಡಿಗೂ ಹೆಚ್ಚು. ನಮ್ಮ ಮುಳ್ಳಯ್ಯನಗಿರಿ 6,300 ಅಡಿ ಚಿಲ್ಲರೆ ಎಂದು ನೆನಪಿಸಿದರೆ ನಿಮ್ಮ ತಂದೆಯವರಿಗೆ ಅಂದಾಜು ಸಿಗುತ್ತದೆ. ಪರ್ವತ ಪೂರ್ವಕ್ಕಿರುವುದರಿಂದ ಬೆಳಗ್ಗೆ ಅದರ ಹಿಂದಿನಿಂದ ಬಿಸಿಲು ಬಂದು ಬರಿಯ ನೆರಳಿನಂತೆ ಕಾಣುತ್ತದೆ; ಸಂಜೆಯಾದರೆ ನಮ್ಮ ಬೆನ್ನಿಗೆ ಮುಳುಗುವ ಸೂರ್ಯನ ಬೆಳಕು ಅದರ ಮೈಮೇಲೆ ನೇರವಾಗಿ ಬಿದ್ದು, ಹಿಮವೆಲ್ಲ ಮೊದಲು ಕೇಸರಿಯಾಗಿ, ಆಮೇಲೆ ನಸುಗೆಂಪಾಗಿ ತಿರುಗುತ್ತದೆ. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಸಂಜೆ ಮಾತ್ರ ಬಿಡುವಿರುವ ನಿಮಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ದೀಪ ಹಚ್ಚುವ ಹೊತ್ತು ಯಾವುದೆಂದು ತಿಳಿಯದೆ ನನ್ನ ಅಮ್ಮ ಮೊದಲ ವಾರವೆಲ್ಲ ಕಿಟಕಿಯ ಬಳಿ ಸುಳಿದಾಡುತ್ತಿದ್ದರು.

ಮೊದಲು ಕೌನ್ಸಿಲ್ ಕ್ರೆಸ್ಟ್ ಉದ್ಯಾನಕ್ಕೆ ಕರೆದುಕೊಂಡು ಹೋಗಿ. ಸುಮಾರು 1,070 ಅಡಿ ಎತ್ತರದ ಇದು ಪೋರ್ಟ್‌ಲ್ಯಾಂಡ್‌ನ ಅತಿ ಎತ್ತರದ ಜಾಗಗಳಲ್ಲೊಂದು, ಕಾರು ನೆತ್ತಿಯ ಹತ್ತಿರದವರೆಗೂ ಹೋಗುತ್ತದೆ, ಅಲ್ಲಿಂದ ಮೇಲಿನ ವೃತ್ತಾಕಾರದ ಕಟ್ಟೆಗೆ ಕೆಲವೇ ಹೆಜ್ಜೆಗಳ ಏರು. 1907ರಿಂದ 1929ರವರೆಗೆ ಇಲ್ಲೊಂದು ಮನರಂಜನಾ ಉದ್ಯಾನವಿತ್ತು, ಜನ ಟ್ರಾಲಿ ಹತ್ತಿ ಬರುತ್ತಿದ್ದರು. ಈಗ ಹುಲ್ಲುಹಾಸು, ಬೆಂಚುಗಳು ಮತ್ತು ನೋಟ ಮಾತ್ರ ಉಳಿದಿವೆ. ಆಕಾಶ ಪೂರ್ಣ ತಿಳಿಯಾಗಿದ್ದರೆ ಹುಡ್, ಸೇಂಟ್ ಹೆಲೆನ್ಸ್, ಆಡಮ್ಸ್, ರೇನಿಯರ್, ಜೆಫರ್ಸನ್ ಎಂಬ ಐದು ಹಿಮ ಪರ್ವತಗಳು ಕಾಣುತ್ತವೆ. ಐದೂ ಜ್ವಾಲಾಮುಖಿಗಳೇ. ಅವುಗಳಲ್ಲಿ ಸೇಂಟ್ ಹೆಲೆನ್ಸ್‌ಗೆ ಮಾತ್ರ ತುದಿಯಿಲ್ಲ: 1980ರ ಮೇ 18ರ ಬೆಳಗ್ಗೆ ಅದು ಸಿಡಿದಾಗ 57 ಜನ ಸತ್ತರು, ಪರ್ವತದ ಎತ್ತರ ಸುಮಾರು 1,300 ಅಡಿ ಕುಗ್ಗಿತು. ಈ ಭಾಗದ ಮೂಲ ನಿವಾಸಿಗಳು ಹೇಳುವ ಕಥೆಯೊಂದರಲ್ಲಿ ಹುಡ್ ಮತ್ತು ಆಡಮ್ಸ್ ಅಣ್ಣತಮ್ಮಂದಿರು, ಲೂವಿಟ್ ಎಂಬ ಚೆಲುವೆಗಾಗಿ ಬೆಂಕಿಯುಗುಳಿ ಬಡಿದಾಡಿಕೊಂಡವರು. ಆ ಲೂವಿಟ್‌ಳೇ ಸೇಂಟ್ ಹೆಲೆನ್ಸ್. ಹಿರಿಯರ ಜೊತೆ ಹೋಗುವಾಗ ಇಂಥ ಕಥೆ ಗೊತ್ತಿರಬೇಕು. ನನ್ನ ಅಮ್ಮನಿಗೆ ಇಂಗ್ಲಿಷ್ ಹೆಸರುಗಳು ಯಾವುವೂ ನಿಲ್ಲಲಿಲ್ಲ, ಲೂವಿಟ್ ಮಾತ್ರ ಇಂದಿಗೂ ನೆನಪಿದೆ.

ನೀವು ಕೆಲಸಕ್ಕೆ ಹೋದಾಗ ಅವರಿಬ್ಬರೇ ಹೋಗಿ ಬರಬಹುದಾದ ಜಾಗ ವಾಷಿಂಗ್ಟನ್ ಪಾರ್ಕ್. ಹಿಲ್ಸ್‌ಬರೋದಿಂದ ಮ್ಯಾಕ್ಸ್ ರೈಲಿನ ನೀಲಿ ಮಾರ್ಗ ಹಿಡಿದರೆ ನೇರವಾಗಿ ಅದೇ ಹೆಸರಿನ ನಿಲ್ದಾಣದಲ್ಲಿ ಇಳಿಯಬಹುದು. ಬೆಟ್ಟದೊಳಗೆ 260 ಅಡಿ ಆಳದಲ್ಲಿರುವ ಆ ನಿಲ್ದಾಣದಿಂದ ಮೇಲಕ್ಕೆ ಲಿಫ್ಟ್ ಇದೆ, ಮೇಲೆ ಬಂದರೆ ಉದ್ಯಾನದ ಉಚಿತ ಬಸ್ಸಿದೆ. ಒಂದೆರಡು ಬಾರಿ ಜೊತೆಗೆ ಹೋಗಿ ತೋರಿಸಿದರೆ ಮುಂದೆ ಅವರೇ ಹೋಗುತ್ತಾರೆ; ಯಾರ ಹಂಗೂ ಇಲ್ಲದೆ ಒಂದು ಕಡೆ ಹೋಗಿ ಬಂದೆವೆಂಬ ಸಮಾಧಾನ ಈ ದೇಶದಲ್ಲಿ ನಮ್ಮ ಹಿರಿಯರಿಗೆ ಸುಲಭವಾಗಿ ಸಿಗುವಂಥದ್ದಲ್ಲ. ಅಲ್ಲಿನ ಗುಲಾಬಿ ತೋಟ 1917ರಲ್ಲಿ ಆರಂಭವಾದದ್ದು. ಮೊದಲ ಮಹಾಯುದ್ಧದಲ್ಲಿ ಯುರೋಪಿನ ಗುಲಾಬಿ ತಳಿಗಳು ಬಾಂಬಿಗೆ ಸಿಕ್ಕಿ ಅಳಿದುಹೋಗಬಾರದೆಂದು ಅವುಗಳಿಗೊಂದು ಆಸರೆಯಾಗಿ ಇದನ್ನು ಯೋಚಿಸಿದರು. ಇಂದು ಹತ್ತು ಸಾವಿರಕ್ಕೂ ಮಿಕ್ಕ ಗಿಡಗಳಿವೆ, ಪ್ರವೇಶ ಶುಲ್ಕವಿಲ್ಲ, ಜೂನ್‌ನಲ್ಲಿ ಹೂವು ತುಂಬಿ ತುಳುಕುತ್ತದೆ. ಪಕ್ಕದ ಜಪಾನಿ ಉದ್ಯಾನಕ್ಕೆ ಟಿಕೆಟ್ ದರ ಹೆಚ್ಚು. ಆದರೂ ಒಮ್ಮೆ ಹೋಗಲೇಬೇಕು, ಅಲ್ಲಿನ ನಿಶ್ಶಬ್ದ ಮತ್ತು ಪಾಚಿಯ ಹಸಿರು ಬೇರೆಲ್ಲೂ ಸಿಗುವುದಿಲ್ಲ. ಕೆಳಗಿನ ಬಾಗಿಲಿನಿಂದ ಮೇಲಕ್ಕೆ ಅವರದೇ ವಾಹನ ಓಡಾಡುತ್ತದೆ, ಮಂಡಿ ನೋವಿನವರು ಅದನ್ನೇ ಹತ್ತಲಿ.

ಒಂದು ಪೂರ್ತಿ ದಿನವನ್ನು ಕೊಲಂಬಿಯಾ ನದಿಯ ಕಣಿವೆಗೆ ಮೀಸಲಿಡಿ. ಕ್ಯಾಸ್ಕೇಡ್ ಪರ್ವತ ಶ್ರೇಣಿಯನ್ನು ಸೀಳಿಕೊಂಡು ನದಿ ಪಶ್ಚಿಮಕ್ಕೆ ಹರಿಯುವ ಜಾಗವಿದು. ಎರಡೂ ದಡದಲ್ಲಿ ಗೋಡೆಯಂತೆ ನಿಂತಿರುವ ಕಪ್ಪು ಬಂಡೆ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್. ನಮ್ಮ ಬೆಳಗಾವಿ, ವಿಜಯಪುರದ ಕಡೆಯ ಕರಿಕಲ್ಲು ಕೂಡ ಅದೇ ಜಾತಿಯದು, ವಯಸ್ಸಿನಲ್ಲಿ ಮಾತ್ರ ಬಹಳ ಹಿರಿಯದು. ನನ್ನ ಸಲಹೆ ಏನೆಂದರೆ, ಶನಿವಾರ ಬೆಳಗ್ಗೆ ಆರೂವರೆಗೆ ಮನೆ ಬಿಟ್ಟು ನೇರವಾಗಿ ಮಲ್ಟ್‌ನೋಮಾ ಜಲಪಾತಕ್ಕೆ ಹೋಗಿ. ಬಂದ ಹೊಸತರಲ್ಲಾದರೆ ಅವರು ಹೇಗೂ ನಾಲ್ಕಕ್ಕೇ ಎದ್ದು ಕುಳಿತಿರುತ್ತಾರೆ. ಬೇಸಿಗೆಯಲ್ಲಿ ಹಗಲು ಹೊತ್ತು ಹೆದ್ದಾರಿ ಬದಿಯ ಕಾರು ನಿಲುಗಡೆಗೆ ಮುಂಗಡವಾಗಿ ಸಮಯ ಕಾದಿರಿಸಿದ ಪರವಾನಗಿ ಕೇಳುವುದು ಕೆಲವು ವರ್ಷಗಳಿಂದ ರೂಢಿಯಲ್ಲಿದೆ. ಹೊರಡುವ ಮುನ್ನ ಆ ವರ್ಷದ ನಿಯಮವನ್ನು ನೋಡಿಕೊಳ್ಳಿ. ಕಾರು ಬೇಡವೆನಿಸಿದರೆ ಗೇಟ್‌ವೇ ನಿಲ್ದಾಣದಿಂದ ಕೊಲಂಬಿಯಾ ಗಾರ್ಜ್ ಎಕ್ಸ್‌ಪ್ರೆಸ್ ಬಸ್ಸಿದೆ.

ಜಲಪಾತದ ಒಟ್ಟು ಎತ್ತರ 620 ಅಡಿ, ಎರಡು ಹಂತದಲ್ಲಿ ಬೀಳುತ್ತದೆ. ಜೋಗದ ರಾಜಾ ಧಾರೆ 830 ಅಡಿ ಎಂದು ನನ್ನ ಅಪ್ಪ ಅಲ್ಲಿಯೇ ನಿಂತು ಹೇಳಿದರು, ಹೇಳಿದ ಮೇಲೆ ಬಹಳ ಹೊತ್ತು ನೋಡುತ್ತಲೇ ಇದ್ದರು. ಜೋಗ ತನ್ನ ಪೂರ್ಣ ರೂಪದಲ್ಲಿ ಕಾಣಬೇಕಾದರೆ ಮಳೆಗಾಲಕ್ಕೂ ಲಿಂಗನಮಕ್ಕಿಯ ಬಾಗಿಲಿಗೂ ಕಾಯಬೇಕು. ಮಲ್ಟ್‌ನೋಮಾಕ್ಕೆ ಮೇಲಿನ ಬೆಟ್ಟದ ಒರತೆಗಳು ನೀರುಣಿಸುವುದರಿಂದ ಬೇಸಿಗೆಯಲ್ಲೂ ಬತ್ತುವುದಿಲ್ಲ. ನಿಮ್ಮ ತಾಯಿಯವರು ಕೆಳಗಿನ ಅಂಗಳದಲ್ಲಿ ಕುಳಿತೇ ಜಲಪಾತವನ್ನು ತಲೆಯಿಂದ ಬುಡದವರೆಗೆ ನೋಡಬಹುದು. ತಂದೆಯವರು ಕಾಲು ಮೈಲಿಯಷ್ಟು ಏರಿ, ಎರಡು ಹಂತಗಳ ನಡುವೆ 1914ರಲ್ಲಿ ಕಟ್ಟಿದ ಬೆನ್ಸನ್ ಸೇತುವೆಯ ಮೇಲೆ ನಿಂತು ಬರಲಿ. ಸುತ್ತಲ ಗುಡ್ಡಗಳಲ್ಲಿ ಸುಟ್ಟು ಕರಕಲಾಗಿ ನಿಂತ ಮರಗಳು ಕಣ್ಣಿಗೆ ಬೀಳುತ್ತವೆ. 2017ರ ಸೆಪ್ಟೆಂಬರ್‌ನಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಎಸೆದ ಪಟಾಕಿಯಿಂದ ಹೊತ್ತಿದ ಈಗಲ್ ಕ್ರೀಕ್ ಬೆಂಕಿ ಸುಮಾರು 50,000 ಎಕರೆಯಷ್ಟು ಹಬ್ಬಿತ್ತು. ಇಲ್ಲಿನ ಬೇಸಿಗೆಯ ಕಾಡು ಎಷ್ಟು ಒಣಗಿರುತ್ತದೆಂಬುದು ಮಳೆಗಾಲದ ಕಾಡನ್ನು ಮಾತ್ರ ಬಲ್ಲ ನಮ್ಮವರಿಗೆ ಊಹೆಗೆ ಬರುವುದಿಲ್ಲ, ಆದ್ದರಿಂದ ಇದನ್ನು ಹೇಳುತ್ತಿದ್ದೇನೆ.

ಮರಳುವಾಗ ಹೆದ್ದಾರಿ ಬಿಟ್ಟು ಹಳೆಯ ರಸ್ತೆಯಲ್ಲಿ ಪಶ್ಚಿಮಕ್ಕೆ ಬನ್ನಿ. 1913ರಲ್ಲಿ ಕೆಲಸ ಆರಂಭವಾದ ಈ ರಸ್ತೆಯನ್ನು ಸ್ಯಾಮ್ಯುಯೆಲ್ ಲ್ಯಾಂಕಾಸ್ಟರ್ ಎಂಬ ಎಂಜಿನಿಯರ್, ಬೇಗ ತಲುಪಿಸುವುದಕ್ಕಿಂತ ನೋಡುತ್ತ ಹೋಗುವುದಕ್ಕಾಗಿ ರೂಪಿಸಿದರು; ಅದರ ಒಂದೊಂದು ತಿರುವಿನಲ್ಲೂ ಆ ಉದ್ದೇಶ ಕಾಣುತ್ತದೆ. ದಾರಿಯ ಪಕ್ಕದಲ್ಲೇ ವಾಕೀನಾ, ಲಟುರೆಲ್ ಜಲಪಾತಗಳು ಸಿಗುತ್ತವೆ. ಕೊನೆಗೆ ರಸ್ತೆ ಸುತ್ತಿ ಸುತ್ತಿ ಏರಿ ಕ್ರೌನ್ ಪಾಯಿಂಟ್ ಎಂಬ ಬಂಡೆಯ ಮೇಲೆ ತಂದು ನಿಲ್ಲಿಸುತ್ತದೆ. ನದಿಯಿಂದ 733 ಅಡಿ ಎತ್ತರದ ಆ ತುದಿಯಲ್ಲಿ 1918ರಲ್ಲಿ ಪೂರ್ಣಗೊಂಡ ವಿಸ್ಟಾ ಹೌಸ್ ಎಂಬ ಗುಮ್ಮಟದ ಕಲ್ಲಿನ ಕಟ್ಟಡವಿದೆ. ಪ್ರಯಾಣಿಕರ ವಿಶ್ರಾಂತಿಗೆಂದೇ ಕಟ್ಟಿದ್ದು, ಶೌಚಾಲಯವೂ ಇದೆ. ಗಾಳಿ ಮಾತ್ರ ಸೀರೆಯ ಸೆರಗನ್ನು ನಿಲ್ಲಗೊಡುವುದಿಲ್ಲ. ಇನ್ನೊಂದಿಷ್ಟು ಪಶ್ಚಿಮಕ್ಕೆ ಪೋರ್ಟ್‌ಲ್ಯಾಂಡ್ ವಿಮೆನ್ಸ್ ಫೋರಂ ಎಂಬ ಪುಟ್ಟ ವೀಕ್ಷಣಾ ತಾಣವಿದೆ. ನನ್ನ ಮಟ್ಟಿಗೆ ಇಡೀ ಕಣಿವೆಯ ಅತ್ಯುತ್ತಮ ನೋಟ ಅಲ್ಲಿಯದೇ: ಮುಂದೆ ಬಂಡೆಯ ತುದಿಯಲ್ಲಿ ವಿಸ್ಟಾ ಹೌಸ್, ಅದರ ಕೆಳಗೆ ಅಗಲವಾದ ನದಿ, ಹಿಂದೆ ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ಬೆಟ್ಟಗಳು. ಕಾರಿನಿಂದ ಇಳಿದು ಹತ್ತು ಹೆಜ್ಜೆ ಇಟ್ಟರೆ ಸಾಕು.

ಅದೇ ಹಾದಿಯಿಂದ ಲಾರ್ಚ್ ಮೌಂಟನ್‌ಗೆ ರಸ್ತೆ ಕವಲೊಡೆಯುತ್ತದೆ. 4,055 ಅಡಿ ಎತ್ತರದ ಶೆರಾರ್ಡ್ ಪಾಯಿಂಟ್ ಅದರ ತುದಿ. ಮೊದಲೇ ಗೊತ್ತುಮಾಡಿದ ಶನಿವಾರವೆಂದು ಮೋಡವಿದ್ದರೂ ನಾನು ಅಪ್ಪ ಅಮ್ಮನನ್ನು ಅಲ್ಲಿಗೆ ಕರೆದೊಯ್ದಿದ್ದೆ. ಕೊನೆಯ ಮೆಟ್ಟಿಲುಗಳನ್ನು ಅಮ್ಮ ಕಂಬಿ ಹಿಡಿದು, ಪ್ರತಿ ನಾಲ್ಕಕ್ಕೊಮ್ಮೆ ನಿಂತು ಹತ್ತಿದರು. ಮೇಲೆ ಹೋದರೆ ಎಲ್ಲ ದಿಕ್ಕಿಗೂ ಬೆಳ್ಳನೆಯ ಮಂಜು. ಅವರು ಒಂದು ಮಾತೂ ಆಡಲಿಲ್ಲ, ಆದರೆ ಎರಡು ದಿನ ಮಂಡಿಗೆ ಎಣ್ಣೆ ತಿಕ್ಕಿಕೊಂಡರು. ಹಾಗಾಗಿ ಅಲ್ಲಿಗೆ ತಂದೆಯವರನ್ನು ಮಾತ್ರ, ಅದೂ ಮನೆಯ ಹತ್ತಿರವೇ ಹುಡ್ ಸ್ಪಷ್ಟವಾಗಿ ಕಾಣುವ ದಿನ ಕರೆದೊಯ್ಯಿರಿ. ಚಳಿಗಾಲದಲ್ಲಿ ಆ ರಸ್ತೆ ಹಿಮದಿಂದ ಮುಚ್ಚಿರುತ್ತದೆ.

ನಡೆಯಬಲ್ಲ ತಂದೆಯವರಿಗೆ ನಗರದೊಳಗೇ ಫಾರೆಸ್ಟ್ ಪಾರ್ಕ್ ಇದೆ. ಐದು ಸಾವಿರ ಎಕರೆಗೂ ಮೀರಿದ ಕಾಡು, ಹೆಸರಿಗಷ್ಟೇ ಪಾರ್ಕ್. ಲೋವರ್ ಮೆಕ್ಲೇಯಿಂದ ತೊರೆಯ ಪಕ್ಕದಲ್ಲಿ ಹೊರಟು ಪಿಟಾಕ್ ಮ್ಯಾನ್ಷನ್‌ವರೆಗೆ ಎರಡೂವರೆ ಮೈಲಿಯ ಏರು ನಡಿಗೆ. ಅಮ್ಮನನ್ನು ನೀವು ಕಾರಿನಲ್ಲಿ ನೇರವಾಗಿ ಮೇಲಕ್ಕೆ ಕರೆತಂದರೆ, 1914ರ ಆ ಬಂಗಲೆಯ ಹಿಂದಿನ ಹುಲ್ಲುಹಾಸಿನಲ್ಲಿ ಇಬ್ಬರೂ ಕೂಡಿಕೊಳ್ಳಬಹುದು. ಮನೆಯೊಳಗೆ ಹೋಗಲು ಟಿಕೆಟ್ ಬೇಕು, ಹೊರಗೆ ನಿಂತು ನಗರವನ್ನೂ ಅದರ ಹಿಂದಿನ ಹುಡ್ ಪರ್ವತವನ್ನೂ ನೋಡಲು ಬೇಡ; ಕಾರು ನಿಲ್ಲಿಸಲು ಶುಲ್ಕವಿದೆ. ಪೂರ್ವ ಭಾಗದ ಮೌಂಟ್ ಟೇಬರ್ ಆರಿಹೋದ ಜ್ವಾಲಾಮುಖಿಯ ದಿಬ್ಬ. ಅಲ್ಲಿ ಪಶ್ಚಿಮಕ್ಕೆ ಮುಖಮಾಡಿ ಕುಳಿತು ನಗರದ ಮೇಲೆ ಸೂರ್ಯ ಇಳಿಯುವುದನ್ನು ನೋಡಬಹುದು, ಆದರೆ ನೆತ್ತಿಗೆ ಕಾರು ಬಿಡುವುದಿಲ್ಲ.

ಏನೂ ಯೋಚನೆ ಮಾಡದ ಮಾಮೂಲಿ ಸಂಜೆಗಳಿಗೆ ಬೀವರ್ಟನ್‌ನ ಕೂಪರ್ ಮೌಂಟನ್ ಸಾಕು: ಓಕ್ ಮರಗಳು, ಕೆಳಗೆ ಹರಡಿದ ಟ್ವಾಲಟಿನ್ ಬಯಲು, ಅಡ್ಡಾಡಲು ಚಿಕ್ಕ ಸುತ್ತು. ನನ್ನ ತಂದೆತಾಯಿ ಅತಿ ಹೆಚ್ಚು ಬಾರಿ ಹೋದದ್ದು ಅಲ್ಲಿಗೇ.

ಆಗಸ್ಟ್ ನಂತರ ಕಾಡ್ಗಿಚ್ಚಿನ ಹೊಗೆ ಬರುವುದುಂಟು. ಅಂಥ ದಿನ ಗಾಳಿಯ ಗುಣಮಟ್ಟ ನೋಡದೆ ಹಿರಿಯರನ್ನು ಹೊರಗೆ ಕರೆದೊಯ್ಯಬೇಡಿ. ಎಲ್ಲಿ ನಿಲ್ಲಿಸಿದರೂ ಕಾರಿನೊಳಗೆ ಕಾಣುವಂತೆ ಕೈಚೀಲ ಬಿಡಬೇಡಿ, ಗಾಜು ಒಡೆಯುವವರು ಇಂಥ ಕಡೆಗಳಲ್ಲೇ ಕಾಯುತ್ತಿರುತ್ತಾರೆ. ಬಂದ ವಾರದಲ್ಲೇ ಒಂದು ಸಂಜೆ ಆಕಾಶ ತಿಳಿಯಾದರೆ, ಉಳಿದದ್ದನ್ನೆಲ್ಲ ಆಮೇಲೆ ನೋಡಿಕೊಂಡು, ಮೊಸರನ್ನ ಕಟ್ಟಿಕೊಂಡು ಎಂಟರೊಳಗೆ ಕೌನ್ಸಿಲ್ ಕ್ರೆಸ್ಟ್ ತಲುಪಿ. ಜೂನ್ ಎಂದು ಸ್ವೆಟರ್ ಬಿಟ್ಟು ಹೋಗಬೇಡಿ. ಹುಡ್ ಕೆಂಪಾಗುವ ಹೊತ್ತಿಗೆ ಸರಿಯಾಗಿ ಚಳಿ ಗಾಳಿ ಶುರುವಾಗುತ್ತದೆ, ಅಮ್ಮಂದಿರು ಆಗ ಏಳಲು ಒಪ್ಪುವುದಿಲ್ಲ.