ಆಯಿ ಹಾಡಿದ ಬೀಸುವ ಪದ, ಅಪ್ಪನ ಫೋನಿಗೆ

ಪ್ರಶ್ನೆ: ನಮ್ಮ ಆಯಿ ಜೋಳ ಬೀಸುತ್ತಾ ಹಾಡಿದ ಪದವನ್ನು ಹಳೆ ನೋಕಿಯಾ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಆಯಿ ಈಗ ಇಲ್ಲ. ಅಪ್ಪನ ಕೀಪ್ಯಾಡ್ ಫೋನಿಗೆ ಅದನ್ನೇ ರಿಂಗ್‌ಟೋನ್ ಮಾಡಬೇಕು. ಆದರೆ ಫೈಲ್ ಕಳಿಸಿದರೂ ರಿಂಗ್‌ಟೋನ್ ಪಟ್ಟಿಯಲ್ಲಿ ಕಾಣುವುದಿಲ್ಲ. ಒಂದು ಅಂಗಡಿಯಲ್ಲಿ ಹಾಕಿಸಿದ್ದೆ, ಹೊಲದಲ್ಲಿದ್ದಾಗ ಅಪ್ಪನಿಗೆ ಕೇಳಿಸಲೇ ಇಲ್ಲ. ಏನು ಮಾಡಲಿ?
– ಓದುಗರು, ಶಹಾಪುರ

ಉತ್ತರ: ರಿಂಗ್‌ಟೋನ್ ಮಾತು ಆಮೇಲೆ. ಆ ಹಳೆ ಫೋನ್ ಇನ್ನೂ ಚಾಲೂ ಆಗುತ್ತದೆ ಅಲ್ವಾ? ಹಾಗಿದ್ದರೆ ಇವತ್ತೇ ಆ ಫೈಲನ್ನು ಬ್ಲೂಟೂತ್‌ನಲ್ಲಿ ಬೇರೆ ಫೋನಿಗೆ ಕಳಿಸಿ, ಕಂಪ್ಯೂಟರಿನಲ್ಲೂ ಒಂದು ಕಾಪಿ ಇಡಿ. ಕಲಬುರಗಿಯ ನಮ್ಮ ರಿಪೇರಿ ಅಂಗಡಿಗೆ ಬ್ಯಾಟರಿ ಉಬ್ಬಿದ, ನೀರು ಬಿದ್ದ ಫೋನ್ ಹಿಡಿದುಕೊಂಡು ಬರುತ್ತಾರೆ. “ಫೋನ್ ಹಾಳಾಗಿ ಹೋಗ್ಲಿ, ಒಳಗಿನ ದನಿ ಅಷ್ಟು ತೆಗೆದುಕೊಡ್ರಿ” ಅನ್ನುತ್ತಾರೆ. ಎಲ್ಲ ಸಲ ಅದು ಆಗುವುದಿಲ್ಲ. ಕತ್ತರಿಸುವುದು, ಜೋಡಿಸುವುದು ಏನಿದ್ದರೂ ಕಾಪಿಯಲ್ಲಿ ಮಾಡಿ. ಮೂಲವನ್ನು ಮುಟ್ಟಬೇಡಿ.

ಪಟ್ಟಿಯಲ್ಲಿ ಕಾಣದಿರುವುದು ಸಣ್ಣ ತೊಂದರೆ. ಎಷ್ಟೋ ಹಳೆ ಫೋನುಗಳಲ್ಲಿ ರೆಕಾರ್ಡಿಂಗ್‌ಗೆ ಒಂದು ಫೋಲ್ಡರ್, ಟೋನ್‌ಗೆ ಇನ್ನೊಂದು ಫೋಲ್ಡರ್. ರಿಂಗ್‌ಟೋನ್ ಪಟ್ಟಿ ಎರಡನೆಯದನ್ನು ಮಾತ್ರ ನೋಡುತ್ತದೆ. ಗ್ಯಾಲರಿಗೆ ಹೋಗಿ ಫೈಲನ್ನು ಟೋನ್ಸ್ ಫೋಲ್ಡರಿಗೆ ಮೂವ್ ಮಾಡಿ. ಆಗಲೂ ಬರದಿದ್ದರೆ ಎಂಪಿ3 ಮಾಡಿ ಹಾಕಿ.

ಇನ್ನು ದನಿಯ ವಿಷಯ. ಆ ಫೋನುಗಳು ಸಾಮಾನ್ಯವಾಗಿ ರೆಕಾರ್ಡ್ ಮಾಡುವುದು ಎಎಂಆರ್ ಎಂಬ ಬಗೆಯಲ್ಲಿ. ಅದು ಫೋನ್ ಮಾತಿಗಾಗಿಯೇ ಮಾಡಿದ್ದು. ಸೆಕೆಂಡಿಗೆ 8000 ಸ್ಯಾಂಪಲ್ (ಸದ್ದಿನ ಅಳತೆ) ಮಾತ್ರ, ಹಾಗಾಗಿ 4000 ಹರ್ಟ್ಜ್‌ಗಿಂತ ಮೇಲಿನ ಸದ್ದು ಅದರಲ್ಲಿ ಇರುವುದೇ ಇಲ್ಲ. ಅರ್ಧ ನಿಮಿಷದ ಫೈಲ್ 50 ಕೆಬಿ ಕೂಡ ದಾಟುವುದಿಲ್ಲ. ಎಂಪಿ3 ಮಾಡಿದರೆ ಫೈಲ್ ದೊಡ್ಡದಾಗುತ್ತದೆ, ಬಿಟ್ಟುಹೋದ ಸದ್ದು ವಾಪಸ್ ಬರುವುದಿಲ್ಲ. ಆದರೆ ನಿಮ್ಮ ತೊಂದರೆ ಅದಲ್ಲ, ಬೀಸುವ ಕಲ್ಲಿನದು ಅಂತ ನನಗನಿಸುತ್ತದೆ. ಕಲ್ಲಿನ ದಪ್ಪ ಸದ್ದು ಫೈಲಿನಲ್ಲಿ ಜೋರಾಗಿಯೇ ಇರುತ್ತದೆ. ಕೀಪ್ಯಾಡ್ ಫೋನಿನ ಪುಟ್ಟ ಸ್ಪೀಕರಿಗೆ ಅದನ್ನು ನುಡಿಸಲು ಆಗುವುದಿಲ್ಲ. ಅಷ್ಟೇ ಅಲ್ಲ, ಆಯಿಯ ದನಿ ಏರಿಸೋಣ ಅಂದರೂ ಕಲ್ಲಿನ ಸದ್ದೇ ಮೊದಲು ಮಿತಿ ಮುಟ್ಟಿ ದನಿ ಒಡೆಯುತ್ತದೆ.

ಅದಕ್ಕೇ ಮೊದಲು ಕಲ್ಲನ್ನು ಇಳಿಸಿ, ಆಮೇಲೆ ದನಿ ಏರಿಸಿ. ಕಂಪ್ಯೂಟರಿನಲ್ಲಿ ಆಡಾಸಿಟಿ ಎಂಬ ದನಿ ತಿದ್ದುವ ಸಾಫ್ಟ್‌ವೇರ್ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಎಎಂಆರ್ ಫೈಲ್ ತೆರೆಯಲು ಅದಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕೂಡ ಬೇಕು. ಹೈ-ಪಾಸ್ ಫಿಲ್ಟರನ್ನು 300 ಹರ್ಟ್ಜ್‌ಗೆ ಇಟ್ಟು ಓಡಿಸಿ, ಅದಕ್ಕಿಂತ ಕೆಳಗಿನ ದಪ್ಪ ಸದ್ದನ್ನು ಅದು ಇಳಿಸುತ್ತದೆ. ನಂತರ ನಾರ್ಮಲೈಸ್ ಒತ್ತಿ, -1 ಡಿಬಿ ಕೊಡಿ, ದನಿ ಒಡೆಯದಂತೆ ಮಿತಿಯ ಹತ್ತಿರದವರೆಗೆ ಏರುತ್ತದೆ. ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ತೆಗೆಯುವುದು) ಜಾಸ್ತಿ ಮಾಡಬೇಡಿ. ಹಾಗೆ ಮಾಡಿದರೆ ಆಯಿ ಬಾವಿಯೊಳಗಿಂದ ಹಾಡಿದ ಹಾಗೆ ಕೇಳುತ್ತದೆ. ಕಲ್ಲಿನ ಗರಗರ ಸ್ವಲ್ಪ ಉಳಿಯಲಿ ಬಿಡಿ, ಆ ಪದ ಹುಟ್ಟಿದ್ದೇ ಅದರ ಜೊತೆ.

ಎಲ್ಲಿಂದ ಕತ್ತರಿಸಬೇಕು ಅನ್ನುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಿ. ಕರೆ ಬಂದಾಗ ಮೊಬೈಲ್ 30 ಸೆಕೆಂಡು ಹೊಡೆಯಬೇಕು ಅಂತ 2019ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಗೊತ್ತು ಮಾಡಿತು. ಅದರಲ್ಲಿ ಮೊದಲ ಹತ್ತು ಸೆಕೆಂಡು ಬರೀ ಕಲ್ಲು ತಿರುಗಿದರೆ ಆಯಿಯ ದನಿ ಬರುವಷ್ಟರಲ್ಲಿ ಅಪ್ಪ ಫೋನ್ ಎತ್ತಿರುತ್ತಾರೆ. ಆಯಿ ದನಿ ಎತ್ತಿ ಹಿಡಿದ ಸಾಲು ಹುಡುಕಿ. ಅಲ್ಲಿಂದಲೇ ಶುರು ಮಾಡಿ, ಸಾಲು ಮುಗಿದಲ್ಲಿ ಕತ್ತರಿಸಿ. ಇಪ್ಪತ್ತು ಸೆಕೆಂಡು ಸಾಕು. ಮೊದಲು ಉಸಿರು ಎಳೆದುಕೊಂಡದ್ದು ಕೇಳಿದರೆ ಅದನ್ನು ತೆಗೆಯಬೇಡಿ.

ಮೋನೋ (ಒಂದೇ ಚಾನೆಲ್‌ನ) ಎಂಪಿ3 ಮಾಡಿ ಅಪ್ಪನ ಫೋನಿಗೆ ಹಾಕಿ. ಸೆಟ್ಟಿಂಗ್‌ನಲ್ಲಿ ‘ಅಸೆಂಡಿಂಗ್’ ಅಂತ ಇದ್ದರೆ ಬದಲಿಸಿ, ಅದು ಸಣ್ಣ ದನಿಯಿಂದ ಶುರುವಾಗಿ ನಿಧಾನಕ್ಕೆ ಏರುತ್ತದೆ. ವೈಬ್ರೇಷನ್ ಕೂಡ ಆನ್ ಇರಲಿ. ತೊಗರಿ ಹೊಲದಲ್ಲಿ ಗಾಳಿ ಇರುತ್ತದೆ. ಮನೆಯಲ್ಲಿ ಅಲ್ಲ, ಹೊಲಕ್ಕೇ ಹೋಗಿ ಒಂದು ಸಲ ರಿಂಗ್ ಕೊಟ್ಟು ನೋಡಿ.

ಪ್ರಶ್ನೆ: ಮಗಳು ವಾಟ್ಸಾಪ್‌ನಲ್ಲಿ ಕಳಿಸಿದ ವಾಯ್ಸ್ ಮೆಸೇಜ್ ನನ್ನ ಹಳೆ ಫೋನಿನಲ್ಲಿ ತೆರೆಯುವುದೇ ಇಲ್ಲ. ರಿಂಗ್‌ಟೋನ್ ಆಗುತ್ತದೆಯೇ?
– ಓದುಗರು, ಹುಮನಾಬಾದ್

ಉತ್ತರ: ಆಗುತ್ತದೆ. ಆ ಮೆಸೇಜ್ ಓಪಸ್ ಬಗೆಯದು. ಓಪಸ್ ಜಾರಿಗೆ ಬಂದದ್ದೇ 2012ರಲ್ಲಿ, ಅದಕ್ಕಿಂತ ಹಳೆಯ ಫೋನಿಗೆ ಅದು ತಿಳಿಯುವುದಿಲ್ಲ. ಮಗಳಿಗೇ ಹೇಳಿ ಎಂಪಿ3 ಮಾಡಿಸಿ, ಮೆಮೊರಿ ಕಾರ್ಡಿಗೆ ಹಾಕಿಸಿಕೊಳ್ಳಿ.