ಬಾಹ್ಯಾಕಾಶ ಓದಬೇಕು, ಯಾವ ವಿಭಾಗದ ಬಾಗಿಲು ತಟ್ಟಲಿ?

ಪ್ರಶ್ನೆ: ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ‘ಸ್ಪೇಸ್ ಸೈನ್ಸ್’ ಎಂಬ ಹೆಸರಿನ ಪದವಿಗೇ ಸೇರುವುದು ಒಳ್ಳೆಯದಲ್ಲವೇ?
– ವಿದ್ಯಾರ್ಥಿನಿ, ಶಿರಸಿ

ಉತ್ತರ: ಹೆಸರು ನೋಡಿ ಸೇರಬೇಡಿ. ಇಸ್ರೊ ವಿಜ್ಞಾನಿ/ಎಂಜಿನಿಯರ್ ಹುದ್ದೆಗೆ ಅರ್ಜಿ ಕರೆಯುವಾಗ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಸೈನ್ಸ್ ಎಂದು ಶಾಖೆಯ ಹೆಸರನ್ನೇ ಬರೆದಿರುತ್ತದೆ. ಸಾಮಾನ್ಯವಾಗಿ ಶೇ 65 ಅಂಕ ಅಥವಾ 10ಕ್ಕೆ 6.84 ಸಿಜಿಪಿಎ ಕೇಳುತ್ತಾರೆ. ಪಟ್ಟಿಯಲ್ಲಿಲ್ಲದ ಪದವಿ ಹಿಡಿದು ಹೋದರೆ ಅರ್ಜಿ ಮೊದಲ ಜರಡಿಯಲ್ಲೇ ಉದುರಿಹೋಗುತ್ತದೆ. ತಿರುವನಂತಪುರದ ಬಾಹ್ಯಾಕಾಶ ವಿಜ್ಞಾನ-ತಂತ್ರಜ್ಞಾನ ಸಂಸ್ಥೆ ಐಐಎಸ್‌ಟಿಯಲ್ಲಿ ಬಿ.ಟೆಕ್ ಪ್ರವೇಶ ಸಿಗುವುದು ಜೆಇಇ ಅಡ್ವಾನ್ಸ್ಡ್ ರ‍್ಯಾಂಕಿನ ಮೇಲೆ. ಆದರೆ ಐಐಟಿಗಳ ಕೌನ್ಸೆಲಿಂಗ್‌ನಲ್ಲಿ ಅದರ ಸೀಟು ಬರುವುದಿಲ್ಲ. ಆ ಸಂಸ್ಥೆಯಲ್ಲೇ ಬೇರೆಯಾಗಿ ನೋಂದಾಯಿಸಬೇಕು. ಕೊನೆಯ ದಿನಾಂಕ ಕೈತಪ್ಪುವುದು ಇಲ್ಲಿಯೇ.

ಖಗೋಳವಿಜ್ಞಾನವೇ ಬೇಕೆಂದರೆ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಎರಡನ್ನೂ ಕೊನೆಯವರೆಗೆ ಬಿಡಬೇಡಿ. ಮುಂದೆ ಎಂ.ಎಸ್ಸಿ., ಪಿಎಚ್.ಡಿ. ಪ್ರವೇಶಕ್ಕೆ ಬರೆಯುವ ಜಾಮ್, ಜೆಸ್ಟ್ ಪರೀಕ್ಷೆಗಳು ಮುಖ್ಯವಾಗಿ ಅಳೆಯುವುದು ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ, ಕ್ವಾಂಟಂ ಇವನ್ನೇ. ನಕ್ಷತ್ರಗಳ ಹೆಸರು ಬಾಯಿಪಾಠ ಇದ್ದರೆ ಅಲ್ಲಿ ಏನೂ ಗಿಟ್ಟುವುದಿಲ್ಲ.

ಪ್ರಶ್ನೆ: ಕಾಲೇಜಿನಲ್ಲಿ 10 ಸೆಂ.ಮೀ. ಘನಾಕಾರದ ಪುಟ್ಟ ಉಪಗ್ರಹ ಮಾಡಬೇಕೆಂದಿದ್ದೇವೆ. ತಂಡದಲ್ಲಿರುವವರೆಲ್ಲ ಎಲೆಕ್ಟ್ರಾನಿಕ್ಸ್‌ನವರು. ಸಾಕೇ?
– ಎಂಜಿನಿಯರಿಂಗ್ ವಿದ್ಯಾರ್ಥಿಗಳು, ದಾವಣಗೆರೆ

ಉತ್ತರ: ಸಾಲದು. ಒಂದು ಹಾಳೆ ತೆಗೆದುಕೊಂಡು ವಿದ್ಯುತ್ತಿನ ಜಮಾ-ಖರ್ಚು ಬರೆಯಿರಿ, ಯಾರ್‍ಯಾರು ಬೇಕು ಎಂಬುದು ಅದರಲ್ಲೇ ಗೊತ್ತಾಗುತ್ತದೆ. ಘನದ ಒಂದು ಮುಖ 0.01 ಚದರ ಮೀಟರ್. ಬಾಹ್ಯಾಕಾಶದಲ್ಲಿ ಬಿಸಿಲು ಚದರ ಮೀಟರಿಗೆ ಸುಮಾರು 1,361 ವಾಟ್. ಅಂದರೆ ನೇರ ಬಿಸಿಲಿಗೆ ತಿರುಗಿದ ಮುಖಕ್ಕೆ ಬೀಳುವುದು 13.6 ವಾಟ್. ಆ್ಯಂಟೆನಾ, ಸ್ಕ್ರೂ, ಅಂಚು ಕಳೆದು ಶೇ 60ರಷ್ಟು ಜಾಗದಲ್ಲಿ ಸೌರಕೋಶ ಕೂರಿಸಿದಿರಿ, ಅದರ ದಕ್ಷತೆ ಶೇ 28 ಎಂದಿಟ್ಟುಕೊಳ್ಳಿ: ಕೈಗೆ ಬಂದದ್ದು 2.3 ವಾಟ್. 500 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 95 ನಿಮಿಷ. ಅದರಲ್ಲಿ 35 ನಿಮಿಷದವರೆಗೂ ಭೂಮಿಯ ನೆರಳು. ಸರಾಸರಿ ಹಾಕಿದರೆ 1.5 ವಾಟ್ ಕೂಡ ಇಲ್ಲ. ಹಳೆಯ ಝೀರೊ ಬಲ್ಬಿಗೂ ಸಾಲದ ಈ ವಿದ್ಯುತ್ತಿನಲ್ಲಿ ಕಂಪ್ಯೂಟರ್, ರೇಡಿಯೊ, ಕ್ಯಾಮೆರಾ ಮೂರೂ ಸಂಸಾರ ಮಾಡಬೇಕು.

ಎಲೆಕ್ಟ್ರಾನಿಕ್ಸ್‌ನವರು ಮರೆಯುವ ಖರ್ಚು ಬ್ಯಾಟರಿಯ ಹೀಟರ್. ಲಿಥಿಯಂ-ಅಯಾನ್ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕಟ್ಟಿಕೊಂಡು ಸಾಮರ್ಥ್ಯ ಕುಸಿಯುತ್ತದೆ. ನೆರಳಿನಲ್ಲಿ ತಣ್ಣಗಾಗಿ ಹೊರಬರುವ ಉಪಗ್ರಹ ಚಾರ್ಜ್ ಆಗಲು ಶುರುವಾಗುವುದು ಆ ಕ್ಷಣದಲ್ಲೇ! ಗಾಳಿ ಇಲ್ಲದ ಕಡೆ ಶಾಖ ಚೌಕಟ್ಟಿನ ಮೂಲಕ ಹರಿದು, ವಿಕಿರಣವಾಗಿ ಮಾತ್ರ ಹೊರಹೋಗಬಲ್ಲದು. ಈ ಲೆಕ್ಕ ಮೆಕ್ಯಾನಿಕಲ್‌ನವರದು. ಭೌತಶಾಸ್ತ್ರ, ಗಣಿತದವರೂ ಬೇಕು: 437 ಮೆಗಾಹರ್ಟ್ಸ್ ಸಂಕೇತದ ಆವರ್ತನ, ಉಪಗ್ರಹ ಹತ್ತಿರ ಬರುವಾಗ ಸುಮಾರು 10 ಕಿಲೋಹರ್ಟ್ಸ್ ಮೇಲಕ್ಕೂ ದೂರ ಸರಿಯುವಾಗ ಅಷ್ಟೇ ಕೆಳಕ್ಕೂ ಜಾರುತ್ತದೆ. ನೆತ್ತಿಯ ಮೇಲೆ ಹಾದುಹೋಗುವ ಹತ್ತು ಹನ್ನೊಂದು ನಿಮಿಷದಲ್ಲಿ ರಿಸೀವರ್ ಅದರ ಬೆನ್ನು ಹತ್ತಬೇಕು.

ಇನ್ನೊಬ್ಬರು ಕಾಗದಪತ್ರಕ್ಕೆಂದೇ ಇರಲಿ. ತರಂಗಾಂತರ ಹಂಚಿಕೆ, ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರವಾನಗಿ, ಖಾಸಗಿ ಬಾಹ್ಯಾಕಾಶ ಚಟುವಟಿಕೆಗೆ ಒಪ್ಪಿಗೆ ಕೊಡುವ ಇನ್‌-ಸ್ಪೇಸ್ ಅನುಮತಿ ಇವಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಉಪಗ್ರಹ ಸಿದ್ಧವಾದ ಮೇಲೆ ಅರ್ಜಿ ಹಾಕಿ, ಬೇರೆ ತರಂಗಾಂತರ ಸಿಕ್ಕರೆ ಆ್ಯಂಟೆನಾವನ್ನೇ ಹೊಸದಾಗಿ ಮಾಡಬೇಕಾಗುತ್ತದೆ. ಇದು ಆಗದ ಮಾತೇನಲ್ಲ. ಬೆಂಗಳೂರು, ಹೈದರಾಬಾದಿನ 7 ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಮಾಡಿದ, ಒಂದು ಕಿಲೋ ಕೂಡ ತೂಗದ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಪಿಎಸ್‌ಎಲ್‌ವಿಯಲ್ಲಿ ಹಾರಿತ್ತು.

ಪ್ರಶ್ನೆ: ಎಂಬಿಬಿಎಸ್ ಮುಗಿಯುತ್ತಿದೆ. ಬಾಹ್ಯಾಕಾಶ ವೈದ್ಯಕೀಯ ಎಲ್ಲಿ ಓದಬಹುದು?
– ಹುಬ್ಬಳ್ಳಿ

ಉತ್ತರ: ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಿದೆ, ಆ ವಿಷಯದಲ್ಲಿ ಎಂ.ಡಿ. ಮಾಡಿಸುತ್ತಾರೆ. ತೂಕವಿಲ್ಲದ ಸ್ಥಿತಿಯಲ್ಲಿ ಸೊಂಟದ ಮೂಳೆಯ ಸಾಂದ್ರತೆ ತಿಂಗಳಿಗೆ ಶೇ 1ರಿಂದ 1.5ರಷ್ಟು ಕರಗುತ್ತದೆ, ಹಾಗಾಗಿ ಮೂಳೆ, ಶರೀರಕ್ರಿಯಾಶಾಸ್ತ್ರ ಓದಿದವರಿಗೂ ಇಲ್ಲಿ ಕೆಲಸವಿದೆ.

ಪ್ರಶ್ನೆ: ಇತಿಹಾಸ ಎಂ.ಎ. ವಿದ್ಯಾರ್ಥಿ ನಾನು. ಶಾಸನಗಳ ಗ್ರಹಣದ ಉಲ್ಲೇಖಗಳನ್ನು ಪ್ರಬಂಧಕ್ಕೆ ಆರಿಸಿಕೊಳ್ಳಬಹುದೇ?
– ಧಾರವಾಡ

ಉತ್ತರ: ಧಾರಾಳವಾಗಿ. ಖಗೋಳದವರಿಗೂ ಈ ಕೆಲಸದ ಅಗತ್ಯವಿದೆ. ಭೂಮಿಯ ತಿರುಗುವಿಕೆ ನಿಧಾನವಾಗುತ್ತಾ ಬಂದಿರುವುದರಿಂದ, ಇಂದಿನ ವೇಗವನ್ನೇ ಹಿಡಿದು ಸಾವಿರ ವರ್ಷ ಹಿಂದಕ್ಕೆ ಎಣಿಸಿದರೆ ಸುಮಾರು 25 ನಿಮಿಷ ತಪ್ಪುತ್ತದೆ. ಭೂಮಿ ನಿಮಿಷಕ್ಕೆ ಕಾಲು ಡಿಗ್ರಿ ತಿರುಗುತ್ತದೆ, 25 ನಿಮಿಷಕ್ಕೆ ಆರು ಡಿಗ್ರಿ ಮೀರುತ್ತದೆ. ನಮ್ಮ ಅಕ್ಷಾಂಶದಲ್ಲಿ ಖಗ್ರಾಸದ ಹಾದಿ 650 ಕಿ.ಮೀ.ಗೂ ಹೆಚ್ಚು ಆಚೀಚೆ ಆಯಿತು. ಎಲ್ಲಿ ಯಾವ ಗ್ರಹಣ ಕಂಡಿತು ಎಂಬ ಹಳೆಯ ದಾಖಲೆಯೇ ಇದನ್ನು ತಿದ್ದುವ ಸಾಧನ.

ಮೊದಲು ಶಕವರ್ಷಕ್ಕೆ 78 ಸೇರಿಸಿ. ಜನವರಿಯಿಂದ ಯುಗಾದಿಯವರೆಗಿನ ತಿಥಿಯಾದರೆ 79. ಶಾಸನದ ಶಕ ಗತವೋ (ಮುಗಿದ ವರ್ಷಗಳ ಎಣಿಕೆ) ವರ್ತಮಾನವೋ (ನಡೆಯುತ್ತಿರುವ ವರ್ಷವನ್ನೂ ಸೇರಿಸಿದ ಎಣಿಕೆ) ಎಂಬ ಗೊಂದಲ ಇದ್ದೇ ಇರುತ್ತದೆ, ಅದನ್ನು ಬಿಡಿಸುವುದು ಸಂವತ್ಸರದ ಹೆಸರು. ಗತಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ: ಶಕ 1946 ಆದರೆ 1958, ಶೇಷ 38, ಪ್ರಭವದಿಂದ ಎಣಿಸಿದರೆ ಕ್ರೋಧಿ. ಹತ್ತನೆಯ ಶತಮಾನಕ್ಕಿಂತ ಹಿಂದಿನ ಶಾಸನಕ್ಕೆ ಈ ಸೂತ್ರ ಕಣ್ಣುಮುಚ್ಚಿ ಹಚ್ಚಬೇಡಿ. ಆಮೇಲೆ ವಾರ ಹೊಂದುತ್ತದೆಯೇ ನೋಡಿ, ನಾಸಾದ ಐದು ಸಾವಿರ ವರ್ಷಗಳ ಗ್ರಹಣಪಟ್ಟಿಗೆ ತಾಳೆ ಹಾಕಿ. ಆ ಪಟ್ಟಿಯಲ್ಲಿ 1582ಕ್ಕಿಂತ ಹಿಂದಿನ ತಾರೀಖುಗಳು ಜೂಲಿಯನ್ ಲೆಕ್ಕದವು.

ಎಚ್ಚರವಿರಲಿ, ಗ್ರಹಣದ ದಿನ ದಾನ ಕೊಟ್ಟರೆ ಪುಣ್ಯ. ದಿನವನ್ನು ಪಂಚಾಂಗ ನೋಡಿ ಗೊತ್ತು ಮಾಡಿರಬಹುದು. ‘ಸೂರ್ಯಗ್ರಹಣದಂದು’ ಎಂದು ಕಲ್ಲಿನಲ್ಲಿದ್ದ ಮಾತ್ರಕ್ಕೆ ದಾನಿ ಗ್ರಹಣವನ್ನು ಕಣ್ಣಾರೆ ಕಂಡಿದ್ದ ಎಂದು ಬರೆಯುವಂತಿಲ್ಲ.

ಪ್ರಶ್ನೆ: ಕಾನೂನು ವಿದ್ಯಾರ್ಥಿ. ಬಾಹ್ಯಾಕಾಶ ಕಾನೂನನ್ನು ಎಲ್ಲಿಂದ ಶುರುಮಾಡಲಿ?
– ಮೈಸೂರು

ಉತ್ತರ: 1967ರ ಬಾಹ್ಯಾಕಾಶ ಒಪ್ಪಂದದಿಂದ, ಇರುವುದು 17 ವಿಧಿ, ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಖಾಸಗಿ ಕಂಪನಿ ಏನು ಮಾಡಿದರೂ ಅದರ ದೇಶವೇ ಹೊಣೆ ಎನ್ನುವ 6ನೇ ವಿಧಿಯನ್ನು ಎರಡು ಸಲ ಓದಿ. ಆಮೇಲೆ 1972ರ ಹೊಣೆಗಾರಿಕೆ ಒಪ್ಪಂದ: ನೆಲದ ಮೇಲೆ ಹಾನಿಯಾದರೆ ತಪ್ಪು ಯಾರದೆಂದು ಕೇಳುವಂತಿಲ್ಲ, ಉಡಾಯಿಸಿದ ದೇಶ ತೆರಲೇಬೇಕು. ಅಂತರಿಕ್ಷದಲ್ಲೇ ಡಿಕ್ಕಿಯಾದರೆ ತಪ್ಪು ಸಾಬೀತಾಗಬೇಕು. ಜೊತೆಗೆ, 1978ರ ಜನವರಿಯಲ್ಲಿ ಕೆನಡಾದ ಮೇಲೆ ಉದುರಿದ ಸೋವಿಯತ್ ಪರಮಾಣು ಉಪಗ್ರಹ ಕಾಸ್ಮೋಸ್ 954ರ ಪ್ರಕರಣ. ಕೆನಡಾ ಸುಮಾರು 60 ಲಕ್ಷ ಕೆನಡಿಯನ್ ಡಾಲರ್ ಕೇಳಿ, 1981ರಲ್ಲಿ 30 ಲಕ್ಷಕ್ಕೆ ಒಪ್ಪಿಕೊಂಡಿತು. ಕೇಳಿದ ಪತ್ರ ಮತ್ತು ಒಪ್ಪಿಕೊಂಡ ಪತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ: ಮೊದಲನೆಯದರಲ್ಲಿ 1972ರ ಒಪ್ಪಂದದ ಆಧಾರವಿದೆ, ಎರಡನೆಯದರಲ್ಲಿ ಅದರ ಹೆಸರೇ ಇಲ್ಲ.